ಎಡಮಗ್ಗುಲಿನ ಹತ್ತು ನಿಮಿಷ

ಎಕ್ಸ್‌ರೇ ಕೋಣೆಯ ಅಕ್ಕನಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ‘ಹತ್ತುನಿಮಿಷ’. ತಡೆಯಲಾರದ ಹೊಟ್ಟೆನೋವೆಂದು ಬಂದವರನ್ನು ಹತ್ತು ನಿಮಿಷ ನೆಟ್ಟಗೆ ಕೂರಿಸದೆ ಆಕೆ ಗುಂಡಿ ಒತ್ತುತ್ತಿರಲಿಲ್ಲ. ಜಠರವೋ ಕರುಳೋ ತೂತಾಗಿದ್ದರೆ ಒಳಗಿನ ಗಾಳಿ ಹೊರಕ್ಕೆ ಸೋರುತ್ತದೆ. ಸೋರಿದ ಗಾಳಿ ಮೇಲಕ್ಕೇರಿ ಒಂದು ಕಡೆ ಸೇರಿದರೆ ಮಾತ್ರ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ, ಅದಕ್ಕೆ ಸಮಯ ಬೇಕು. ಹೊರಗೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಆಕೆ ಕ್ಯಾರೇ ಅನ್ನುತ್ತಿರಲಿಲ್ಲ.

ಗೊಣಗಾಟ ದೊಡ್ಡ ಡಾಕ್ಟರ ಕಿವಿಗೂ ಬಿತ್ತು. ಗುಂಡಿಗೆ ಸರಿಯಾಗಿ ಮೇಲಿನ ಗೋಡೆಗೆ ಒಂದು ಸೂಚನೆ ಅಂಟಿತು: ‘ಒಬ್ಬ ರೋಗಿಗೆ ಐದು ನಿಮಿಷ. ಚಿತ್ರ ತೆಗೆಯುವುದು ತಂತ್ರಜ್ಞರ ಕೆಲಸ, ಓದುವುದು ವೈದ್ಯರ ಕೆಲಸ.’ ಆಸ್ಪತ್ರೆಯಲ್ಲಿ ತಂತ್ರಜ್ಞರು ಅಂತ ಇದ್ದದ್ದೇ ಆಕೆ ಒಬ್ಬಳು. ಯಾರಿಗೆ ಹೇಳಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಸೂಚನೆ ಅಂಟಿದ ಮೂರನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ತಳ್ಳುಗಾಡಿಯಲ್ಲಿ ಒಬ್ಬಳು ಅಜ್ಜಿ ಬಂದಳು. ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದವಳು. ಮಂಡಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮುದುಡಿದ್ದಳು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಯಿ ಮಾತ್ರ ಗಟ್ಟಿಯಾಗಿತ್ತು.

“ಈ ಹಾಸಿಗೆ ಬಟ್ಟೆ ಒಗೆದೋರು ಯಾರೇ? ಕಲೆ ಹಾಗೇ ಇದೆಯಲ್ಲ!”

“ಅತ್ತೆ, ಜೀವ ಹೋಗೋ ಹಾಗೆ ನರಳ್ತಾ ಕಲೆ ನೋಡ್ತೀರಲ್ಲ,” ಎಂದಳು ಜೊತೆಗೆ ಬಂದ ಸೊಸೆ.

“ನೋಯ್ತಿರೋದು ಹೊಟ್ಟೆ ಕಣೇ. ಕಣ್ಣಲ್ಲ.”

ಕೂರಿಸಲು ನೋಡಿದರು, ಆಗಲಿಲ್ಲ. ಚೀಟಿಯಲ್ಲಿ ಬರೆದಿದ್ದ ಹಾಗೆ ಅಕ್ಕ ಅಂಗಾತ ಮಲಗಿಸಿಯೇ ಒಂದು ಚಿತ್ರ ತೆಗೆದಳು. ಪಾಳಿಯ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನವರು, ಬಂದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಗ್ಯಾಸು, ಮಲಬದ್ಧತೆ. ಹೊಟ್ಟೆ ಒತ್ತಿದ್ರೂ ಮೆತ್ತಗೇ ಇದೆ. ಎನಿಮಾ ಕೊಟ್ಟು ಮನೆಗೆ ಕಳಿಸಿ.”

“ಮಂಡಿನೋವಿಗೆ ಎರಡು ತಿಂಗಳಿಂದ ಮಾತ್ರೆ ನುಂಗ್ತಿದಾರೆ ಡಾಕ್ಟ್ರೇ,” ಎಂದಳು ಸೊಸೆ. “ಅದೂ ಖಾಲಿ ಹೊಟ್ಟೇಲಿ. ಹೇಳಿದ್ರೆ ನನ್ನ ಮಾತು ಎಲ್ಲಿ ಕೇಳ್ತಾರೆ?” ಅಷ್ಟರಲ್ಲಿ ಡಾಕ್ಟರು ಬಾಗಿಲು ದಾಟಿದ್ದರು.

ಅಕ್ಕ ಆ ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು. ಹೊಟ್ಟೆಯ ಚಿತ್ರದಲ್ಲಿ ಗಾಳಿ ಕಪ್ಪಗೆ ಕಾಣುತ್ತದೆ. ಕರುಳಿನೊಳಗೆ ಗಾಳಿ ಇರುವುದರಿಂದ ಅದರ ಗೋಡೆಯ ಒಳಗಿನ ಅಂಚು ಕಾಣುವುದು ಸಹಜ, ಹೊರಗಿನ ಅಂಚು ಸುತ್ತಲಿನ ಬೂದಿಯಲ್ಲಿ ಕರಗಿಹೋಗುತ್ತದೆ. ಇಲ್ಲಿ ಒಂದು ಸುರುಳಿಯ ಎರಡೂ ಅಂಚುಗಳು ಪೆನ್ಸಿಲಿನಲ್ಲಿ ಬರೆದ ಹಾಗೆ ಕಾಣುತ್ತಿದ್ದವು. ಅಂದರೆ ಕರುಳಿನ ಹೊರಗೂ ಗಾಳಿ ಇದೆ. ತೂತಾದ ಹೊಟ್ಟೆಗೆ ಎನಿಮಾ ಕೊಟ್ಟರೆ ಮುಗಿದೇಹೋಯಿತು.

ಓಡಿಹೋಗಿ ಡಾಕ್ಟರನ್ನು ಮೊಗಸಾಲೆಯಲ್ಲೇ ಹಿಡಿದಳು. “ಡಾಕ್ಟ್ರೇ, ಕರುಳಿನ ಗೋಡೆ ಎರಡೂ ಕಡೆ ಕಾಣ್ತಿದೆ. ಕೂರಕ್ಕಾಗಲ್ಲ, ಎಡಮಗ್ಗುಲಿಗೆ ಮಲಗಿಸಿದ್ರೂ ಗಾಳಿ ಬಲಗಡೆ ಮೇಲಕ್ಕೇರುತ್ತೆ. ಹಾಗೆ ಇನ್ನೊಂದು ತೆಗೀತೀನಿ, ಒಂದು ಸಹಿ ಹಾಕಿ.”

“ಎರಡು ಸುರುಳಿ ಒಂದರ ಮೇಲೊಂದು ಬಿದ್ರೂ ಹಾಗೆ ಕಾಣುತ್ತೆ. ಗೋಡೆ ಮೇಲೆ ಬರೆದಿರೋದು ಓದಿದ್ದೀರಿ ತಾನೇ?”

“ಅದನ್ನೂ ಓದಿದ್ದೀನಿ, ಈ ಚಿತ್ರಾನೂ ಓದಿದ್ದೀನಿ.”

“ನಿಮ್ಮ ಕೆಲಸ ನೀವು ನೋಡಿಕೊಳ್ಳಿ, ಮೇಡಂ.”

ನೋಡಿಕೊಳ್ಳುವುದಕ್ಕೇ ಆಕೆ ತಿರುಗಿ ಬಂದಳು. ಬಾಗಿಲಿಗೆ ಚಿಲಕ ಹಾಕಿ, ಹೊರಗಿನ ಕೆಂಪು ದೀಪ ಹಚ್ಚಿದಳು. ಆ ದೀಪ ಉರಿಯುತ್ತಿರುವಾಗ ದೊಡ್ಡ ಡಾಕ್ಟರೂ ಒಳಗೆ ಬರುವಂತಿಲ್ಲ. ಚಿತ್ರ ತೆಗೆಯುವ ಒಂದು ಕ್ಷಣಕ್ಕೆಂದು ಇದ್ದ ದೀಪವನ್ನು ಆಕೆ ಹತ್ತು ನಿಮಿಷಕ್ಕೆ ಹಚ್ಚಿಟ್ಟಳು.

ಅಜ್ಜಿಯನ್ನು ಎಡಮಗ್ಗುಲಿಗೆ ಹೊರಳಿಸಿದಾಗ ಇಬ್ಬರಿಗೂ ಬೈಗುಳದ ಅಭಿಷೇಕವಾಯಿತು. “ಅಯ್ಯೋ ಪಾಪಿಗಳಾ! ನೀನ್ಯಾವೂರ ಡಾಕ್ಟ್ರೇ ನನ್ನ ಹೊರಳಿಸೋಕೆ?”

“ನಾನು ಡಾಕ್ಟ್ರಲ್ಲ ಅಜ್ಜಿ. ಹತ್ತು ನಿಮಿಷ ಹೀಗೇ ಇರಿ, ಆಮೇಲೆ ಹೊಡೀರಿ ಬೇಕಾದ್ರೆ.”

“ಹೊಡೀತೀನಿ, ನೋಡ್ತಿರು.”

ಸೊಸೆ ಅತ್ತೆಯ ಬೆನ್ನಿಗೆ ತನ್ನ ತೊಡೆಯ ಒತ್ತು ಕೊಟ್ಟು ನಿಂತಳು. ಗೋಡೆಯ ಗಡಿಯಾರ ನಿಧಾನಕ್ಕೆ ಓಡುತ್ತಿತ್ತು. ಎರಡು ನಿಮಿಷ. ಮೂರು.

ಹನ್ನೆರಡು ವರ್ಷದ ಹಿಂದೆ ಇದೇ ಗಡಿಯಾರದ ಕೆಳಗೆ ಒಬ್ಬ ಬಸ್ ಡ್ರೈವರ್ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಅಂದು ಸಾಲು ಉದ್ದವಿತ್ತು, ಅಕ್ಕನಿಗೆ ಹಸಿವಾಗಿತ್ತು. ಕೂರಿಸಿ ಒಂದೇ ನಿಮಿಷಕ್ಕೆ ಗುಂಡಿ ಒತ್ತಿ, ಚೀಟಿಯಲ್ಲಿ ‘ಹತ್ತು ನಿಮಿಷ ಕೂರಿಸಲಾಗಿದೆ’ ಎಂದು ಬರೆದಿದ್ದಳು. ಚಿತ್ರದಲ್ಲಿ ಏನೂ ಇರಲಿಲ್ಲ, ಅವನನ್ನು ಮನೆಗೆ ಕಳಿಸಿದರು. ಮೂರನೆಯ ದಿನ ಅವನು ಮತ್ತೆ ಬಂದ, ಬದುಕಲಿಲ್ಲ. ಆ ಚೀಟಿ ಸುಳ್ಳೆಂದು ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ಅಂದಿನಿಂದ ಆಕೆಗೆ ತನ್ನ ಅಕ್ಷರ ಕಂಡರೇ ಹೇಸಿಗೆ.

ಆರನೆಯ ನಿಮಿಷಕ್ಕೆ ಬಾಗಿಲ ಮೇಲೆ ದಬದಬ ಸದ್ದಾಯಿತು. “ಮೇಡಂ! ಎನಿಮಾಕ್ಕೆ ನರ್ಸ್ ಕಾಯ್ತಿದಾರೆ. ಬಾಗಿಲು ತೆಗೀರಿ!”

“ಕೆಂಪು ದೀಪ ಇದೆ ಡಾಕ್ಟ್ರೇ!”

“ಎಷ್ಟು ಹೊತ್ತು ಅದು?”

“ಇನ್ನು ನಾಲ್ಕು ನಿಮಿಷ!”

ಹೊರಗಿನಿಂದ ಕೇಳಿಸಿದ ಮಾತು ಬರೆಯುವಂಥದ್ದಲ್ಲ. ಅಜ್ಜಿ ಅಷ್ಟು ನೋವಿನಲ್ಲೂ ಕಣ್ಣರಳಿಸಿದಳು. “ಜಗಮೊಂಡಿ ಕಣೇ ನೀನು,” ಎಂದಳು. ಅವಳ ಬಾಯಿಂದ ಬಂದ ಆ ಬಿರುದನ್ನು ಅಕ್ಕ ಹೊಗಳಿಕೆಯೆಂದೇ ತೆಗೆದುಕೊಂಡಳು. ಹತ್ತು ತುಂಬಿದ ಮೇಲೆ ಸೊಸೆಯನ್ನು ಸೀಸದ ತೆರೆಯ ಮರೆಗೆ ಎಳೆದುಕೊಂಡು ಗುಂಡಿ ಒತ್ತಿದಳು.

ಎರಡನೆಯ ಚಿತ್ರದಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಬೆಳ್ಳಗಿನ ಯಕೃತ್ತಿಗೂ ಹೊಟ್ಟೆಯ ಗೋಡೆಗೂ ನಡುವೆ, ಏನೂ ಇರಬಾರದ ಜಾಗದಲ್ಲಿ, ಉಗುರಿನ ಚೂರಿನಂಥ ಕಪ್ಪು ಗೆರೆ. ಅಕ್ಕ ಚಿಲಕ ತೆಗೆದು, ಕೆಂಡವಾಗಿ ನಿಂತಿದ್ದ ಡಾಕ್ಟರ ಕೈಗೆ ಅದನ್ನು ಕೊಟ್ಟಳು. ಅವರು ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ತಳ್ಳುಗಾಡಿಯ ಒಂದು ತುದಿ ತಾವೇ ಹಿಡಿದು ಶಸ್ತ್ರಚಿಕಿತ್ಸೆಯ ಕೋಣೆಯತ್ತ ಓಡಿದರು. ಜಠರದ ತಳದಲ್ಲಿದ್ದ ತೂತನ್ನು ಸಂಜೆಯೊಳಗೆ ಹೊಲಿದರು.

ವಾರ ಕಳೆಯಿತು. ಅಜ್ಜಿ ವಾರ್ಡಿನಲ್ಲಿ ಎದ್ದು ಕೂತು ಹೊದಿಕೆಗಳ ತಪ್ಪು ಹುಡುಕುತ್ತಿರುವಾಗ ದೊಡ್ಡ ಡಾಕ್ಟರು ಅಕ್ಕನನ್ನು ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆಯಿತ್ತು.

“ಅಜ್ಜಿ ಬದುಕಿದ್ದು ಸಂತೋಷ. ಆದ್ರೆ ನಿಯಮ ನಿಯಮಾನೇ. ಅನುಮತಿ ಇಲ್ಲದೆ ಚಿತ್ರ ತೆಗೆದಿದ್ದೀರಿ, ಬಾಗಿಲು ಹಾಕಿಕೊಂಡಿದ್ದೀರಿ. ಇನ್ನು ಮುಂದೆ ಹೀಗೆ ಮಾಡಲ್ಲ ಅಂತ ಒಂದು ಸಹಿ ಹಾಕಿಬಿಡಿ. ಇಲ್ಲಾಂದ್ರೆ ನಿಮ್ಮನ್ನ ಈ ಕೆಲಸದಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ.”

ಅಕ್ಕ ಹಾಳೆಯನ್ನು ಪೂರ್ತಿ ಓದಿ, ಪೆನ್ನಿನ ಸಮೇತ ಅವರ ಕಡೆಗೇ ಸರಿಸಿದಳು.

“ಇದಕ್ಕೆ ಹಾಕಲ್ಲ ಸಾರ್. ನಾಳೇನೂ ಹೀಗೇ ಮಾಡ್ತೀನಿ. ಸಹಿ ಬೇಕೇಬೇಕು ಅಂದ್ರೆ ಬೇರೆ ಒಂದಕ್ಕೆ ಹಾಕ್ತೀನಿ. ಹನ್ನೆರಡು ವರ್ಷದ ಹಿಂದೆ ಒಬ್ಬ ಬಸ್ ಡ್ರೈವರ್‌ನ ಒಂದೇ ನಿಮಿಷ ಕೂರಿಸಿ, ಹತ್ತು ಅಂತ ಸುಳ್ಳು ಬರೆದೆ. ಅವನು ಸತ್ತ. ಅವತ್ತು ಸಾಲು ಬೇಗ ಕರಗಿತು ಅಂತ ನೀವೇ ನನ್ನ ಹೊಗಳಿದ್ರಿ.”

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗ್ಯಾಕೆ ಅದೆಲ್ಲ?” ಎಂದರು.

ಅಕ್ಕ ದಿನಾಂಕ ಹೇಳಿದಳು, ವಾರ ಹೇಳಿದಳು, ಆ ಚೀಟಿಯ ಸಂಖ್ಯೆಯನ್ನೂ ತಡವರಿಸದೆ ಹೇಳಿದಳು. ಅವರು ಪೆನ್ನು ಮುಟ್ಟಲಿಲ್ಲ.

“ಬರ್ಕೊಳ್ಳಿ ಸಾರ್,” ಎಂದು ಆಕೆ ಅಲ್ಲಿಯೇ ನಿಂತಳು.