ಕದಿರೇಶನ ಹೆಸರಿನಲ್ಲಿ ಬಂದವರು

ಮಾಲೂರಿನ ಹೊರಗಿನ ಪಂಪ್ ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ಎಂಬತ್ತಾರನೇ ಇಸವಿಯಲ್ಲಿ. ಅದಕ್ಕೆಂದೇ ಕಟ್ಟಿಸಿದ್ದ ಏಸಿ ಕೋಣೆಗೆ ಮ್ಯಾನೇಜರ್ ನರಸಿಂಹಪ್ಪನವರೂ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು. ಕೋಣೆಯ ಉಸ್ತುವಾರಿ ಕೋದಂಡರಾಮಪ್ಪನದು. ತಾಯಲೂರಿನ ರಾಗಿ ಹೊಲದಿಂದ ಎಂಜಿನಿಯರಿಂಗ್ ಓದಲು ಹೋಗಿ ಗೆದ್ದು ಬಂದ ಮನುಷ್ಯ. ಹೊತ್ತಲ್ಲದ ಹೊತ್ತಿನಲ್ಲಿ ಯಂತ್ರ ಕೈಕೊಟ್ಟರೆ ಮನೆಯಿಂದಲೇ ಸರಿಪಡಿಸಲಿ ಎಂದು ಕಂಪನಿ ಅವನ ಮನೆಗೊಂದು ಫೋನನ್ನೂ, ಟೀವಿಯಂಥ ತೆರೆ ಮತ್ತು ಕೀಲಿಮಣೆ ಇದ್ದ ಟರ್ಮಿನಲ್ಲನ್ನೂ ಕೊಟ್ಟಿತ್ತು. ಕಾರ್ಖಾನೆಯ ನಂಬರು ತಿರುಗಿಸಿ, ರಿಸೀವರನ್ನು ಟರ್ಮಿನಲ್ಲಿನ ಪಕ್ಕದ ರಬ್ಬರ್ ಬಟ್ಟಲುಗಳಲ್ಲಿ ಕೂರಿಸಿದರೆ ಸಾಕು, ಎರಡೂ ಯಂತ್ರಗಳು ಕೀರಲು ದನಿಯಲ್ಲಿ ಮಾತಿಗಿಳಿಯುತ್ತಿದ್ದವು.

ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಕಂಪ್ಯೂಟರ್ ನಿಂತೇ ಹೋಯಿತು. ಸ್ಟೋರಿನ ಲೆಕ್ಕ ಸಿಗದೆ ಸರಕು ತುಂಬಬೇಕಾದ ಲಾರಿಗಳು ಗೇಟಿನಲ್ಲೇ ಸಾಲುಗಟ್ಟಿದವು. ಕೋದಂಡರಾಮಪ್ಪ ಹುಡುಕಿ ನೋಡಿದರೆ ಡಿಸ್ಕಿನಲ್ಲಿ ಸಾಸಿವೆಯಷ್ಟೂ ಜಾಗವಿಲ್ಲ. ಯಾರೋ ಅದರ ತುಂಬ ಅಂಕಿಗಳನ್ನು ಸುರಿದಿದ್ದರು. ಚೌಕದ ಪಕ್ಕ ಚೌಕ, ಒಂದೊಂದರ ಒಳಗೂ ಬರೀ ಅಂಕಿ. ನರಸಿಂಹಪ್ಪನವರು ಅದನ್ನು ನೋಡಿದವರೇ, ಇದು ಗುಪ್ತಭಾಷೆ, ನಮ್ಮ ಪಂಪಿನ ಅಳತೆಗಳು ಬೇರೆ ಕಂಪನಿಗೆ ಹೋಗುತ್ತಿವೆ ಎಂದುಬಿಟ್ಟರು. ಗಾಬರಿಯಲ್ಲಿದ್ದ ಕೋದಂಡರಾಮಪ್ಪನಿಗೂ ಹಾಗೇ ಕಂಡಿತು.

ಒಳಗೆ ಬಂದವರು ಫೋನಿನ ಮೂಲಕ ಬಂದಿದ್ದರು, ಅದೂ ಕದಿರೇಶನ ಹೆಸರು ಮತ್ತು ಪಾಸ್‌ವರ್ಡ್ ಹಾಕಿ. ಕದಿರೇಶ ಶ್ರೀನಿವಾಸಪುರದ ಕಡೆಯವನು, ಕೋದಂಡರಾಮಪ್ಪನ ಕೈಕೆಳಗಿನ ಪ್ರೋಗ್ರಾಮರ್, ಚುರುಕು ಬುದ್ಧಿಯವನು. ಆ ಹೊತ್ತಿನಲ್ಲಿ ಅವನು ಕಾರ್ಖಾನೆಯಲ್ಲೇ ಎಲ್ಲರ ಕಣ್ಣೆದುರಿಗೆ ಇದ್ದ. ಹಾಗಿದ್ದರೆ ಹೊರಗಿನವರಿಗೆ ಪಾಸ್‌ವರ್ಡ್ ಮಾರಿಕೊಂಡಿದ್ದಾನೆ ಎಂದರು ನರಸಿಂಹಪ್ಪ. ಸೆಕ್ಯುರಿಟಿ ಆಫೀಸರ ಕೋಣೆಗೆ ಅವನನ್ನು ಕರೆಸಿದರು. ಯಾರಿಗೆ ಕೊಟ್ಟೆ ಎಂದು ಎಷ್ಟು ಕೇಳಿದರೂ ಅವನದು ಒಂದೇ ಮಾತು, ಗೊತ್ತಿಲ್ಲ ಸಾರ್. ಆಫೀಸರು ಕೆನ್ನೆಗೆ ಬಾರಿಸಿದರು. ಮತ್ತೊಮ್ಮೆ ಬಾರಿಸಿದರು. ಕೋದಂಡರಾಮಪ್ಪ ಕಿಟಕಿಯಾಚೆ ನಿಂತಿದ್ದ ಲಾರಿಗಳನ್ನೇ ನೋಡುತ್ತಿದ್ದ. ಸಂಜೆಯ ಹೊತ್ತಿಗೆ ಕದಿರೇಶ ಸಸ್ಪೆಂಡಾಗಿ ಊರಿನ ಬಸ್ಸು ಹತ್ತಿದ್ದ. ಮನೆಯಲ್ಲಿ ಹೆಂಡತಿ ಭಾರತಮ್ಮ ಕದಿರೇಶನ ಬಗ್ಗೆ ಕೇಳಿದಾಗ ಕೋದಂಡರಾಮಪ್ಪ, ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿ ಹೋದ ಎಂದುಬಿಟ್ಟ. ಆಫೀಸಿನ ರಾಮಾಯಣವನ್ನು ಮನೆಗೆ ತರುವ ಅಭ್ಯಾಸ ಅವನಿಗಿರಲಿಲ್ಲ.

ಅವರೆಕಾಯಿ ಕಾಲಕ್ಕೆ ಕಳ್ಳ ಮತ್ತೆ ಬಂದ. ಈ ಸಲ ಕೋದಂಡರಾಮಪ್ಪನದೇ ಹೆಸರು, ಕೋದಂಡರಾಮಪ್ಪನದೇ ಪಾಸ್‌ವರ್ಡ್. ಕದಿರೇಶ ಹೋಗುವ ಮೊದಲೇ ತನ್ನ ಗುಟ್ಟನ್ನೂ ಕದ್ದಿದ್ದಾನೆ, ಯಾರದೋ ಫೋನಿನಿಂದ ಆಟ ಆಡುತ್ತಿದ್ದಾನೆ ಎಂದುಕೊಂಡ ಕೋದಂಡರಾಮಪ್ಪ. ನರಸಿಂಹಪ್ಪನವರು, ಕಳ್ಳ ಮತ್ತೆ ಬರಲಿ, ಪಾಸ್‌ವರ್ಡ್ ಬದಲಿಸಬೇಡ ಎಂದು ಹೇಳಿ, ಮೇಲಿನವರ ಅನುಮತಿ ಪಡೆದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಏರ್ಪಾಡು ಮಾಡಿಸಿದರು. ಅಲ್ಲಿನ ಟೆಕ್ನಿಷಿಯನ್ ಆಂಜಿನಪ್ಪ. ಕರೆ ಕಡಿಯದೆ ಉಳಿದರೆ, ಕಂಪ್ಯೂಟರಿನ ತಂತಿಯಿಂದ ಹೊರಟು ಒಂದೊಂದೇ ಸಂಪರ್ಕ ಹಿಡಿದು ಹಿಂದಕ್ಕೆ ನಡೆದು, ಕರೆ ಎಲ್ಲಿಂದ ಹೊರಟಿದೆ ಎಂದು ಅವನು ಹೇಳಬಲ್ಲವನಾಗಿದ್ದ.

ಒಂದು ಮಧ್ಯಾಹ್ನ ಊಟವಾದ ಮೇಲೆ ತೆರೆಯ ಮೇಲೆ ಕೋದಂಡರಾಮಪ್ಪನ ಹೆಸರು ತಾನಾಗಿ ಮೂಡಿತು. ತನ್ನ ಕುರ್ಚಿಯಲ್ಲಿ ತಾನು ಕೂತಿರುವಾಗಲೇ ಇನ್ನೊಬ್ಬ ತಾನಾಗಿ ಒಳಗೆ ಬರುವುದನ್ನು ಅವನು ಕಣ್ಣಾರೆ ಕಂಡ. ಪಕ್ಕದ ಫೋನೆತ್ತಿ ಆಂಜಿನಪ್ಪನಿಗೆ ಹೇಳಿ, ರಿಸೀವರನ್ನು ಕಿವಿಗೊತ್ತಿಕೊಂಡೇ ಕಾದ. ಬೆನ್ನ ಹಿಂದೆ ನರಸಿಂಹಪ್ಪನವರು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಆಂಜಿನಪ್ಪನ ದನಿ ಬಂತು.

“ಸಿಕ್ತು ಸಾರ್. ಇನ್ನೊಂದ್ಸಲ ನೋಡ್ಬಿಟ್ಟೇ ಹೇಳ್ತಾ ಇದೀನಿ. ಇದು ನಿಮ್ಮನೆ ನಂಬರು.”

ಕೋದಂಡರಾಮಪ್ಪ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟ. ಏನಂತೆ ಎಂದು ನರಸಿಂಹಪ್ಪನವರು ಹೆಗಲು ಮುಟ್ಟಿದಾಗ, ಕರೆ ಕಡಿದುಹೋಯಿತಂತೆ ಸಾರ್, ಸಿಗಲಿಲ್ಲವಂತೆ ಎಂದ. ಆ ಸುಳ್ಳು ಯಾವ ಮೂಲೆಯಿಂದ ಬಂತೋ ಅವನಿಗೇ ತಿಳಿಯಲಿಲ್ಲ. ತಲೆನೋವೆಂದು ಹೇಳಿ ಸ್ಕೂಟರ್ ಹತ್ತಿದ. ದಾರಿಯುದ್ದಕ್ಕೂ ಬೇಡದ್ದೆಲ್ಲ ತಲೆಗೆ ಬಂತು. ಯಾರೋ ಮನೆಗೆ ನುಗ್ಗಿದ್ದಾರೆ. ಅಮ್ಮನನ್ನೂ ಭಾರತಿಯನ್ನೂ ಕಟ್ಟಿಹಾಕಿದ್ದಾರೆ.

ಅಮ್ಮ ದೊಡ್ಡಮುನಿಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಮಗನ ಮುಖ ನೋಡಿ ಗಾಬರಿಯಾದಳು. ಒಳಗೆ ಯಾರು ಎಂದು ಅವನು ಪಿಸುದನಿಯಲ್ಲಿ ಕೇಳಿದ.

“ಯಾರಿರ್ತಾರೆ? ಭಾರತಿ ಲೆಕ್ಕ ಮಾಡ್ತಾವ್ಳೆ ಕಣೋ, ಆ ಡಬ್ಬದ ಮುಂದೆ. ಕೆಲಸ ಮುಗಿದ್ಮೇಲೆ ಕೂರ್ತಾಳೆ. ನಿಂಗೊತ್ತಿಲ್ವಾ?”

ಅವನು ಒಳಗೆ ಹೋದ. ಭಾರತಮ್ಮ ಬೆನ್ನು ಮಾಡಿ ಕೂತಿದ್ದಳು. ಎರಡೂ ಕೈಯ ಬೆರಳುಗಳು ಕೀಲಿಗಳ ಮೇಲೆ ಸಲೀಸಾಗಿ ಓಡುತ್ತಿದ್ದವು, ಅವನ ಬೆರಳಿಗಿಂತ ಸಲೀಸಾಗಿ. ತೆರೆಯ ಮೇಲೆ ಅದೇ ಅಂಕಿಯ ಚೌಕಗಳು. ತಿರುಗಿ ನೋಡಿದವಳು ಎದ್ದು ನಿಂತಳು, ಸಿಕ್ಕಿಬಿದ್ದೆ ಎಂಬಂತೆ ನಕ್ಕಳು ಕೂಡ. ಅವನ ಮುಖದಲ್ಲಿ ನಗು ಕಾಣದೆ ಸುಮ್ಮನಾದಳು.

ಅವಳು ಕೋಲಾರದ ಕಾಲೇಜಿನಲ್ಲಿ ಗಣಿತ ಓದಿ ಬಿ.ಎಸ್ಸಿ. ಮಾಡಿದವಳು. ಹೆಣ್ಣು ನೋಡಲು ಹೋದ ದಿನ ಕೇಳಿದ್ದನ್ನು ಕೋದಂಡರಾಮಪ್ಪ ಮದುವೆಯ ದಿನಕ್ಕೇ ಮರೆತಿದ್ದ. ಚೌಕಗಳು ಏನೆಂದು ಅವಳು ಹೇಳಿದಳು: ಅಡ್ಡ ಕೂಡಿದರೂ, ಉದ್ದ ಕೂಡಿದರೂ, ಮೂಲೆಯಿಂದ ಮೂಲೆಗೆ ಕೂಡಿದರೂ ಒಂದೇ ಮೊತ್ತ ಬರುವ ಮಾಯಾಚೌಕಗಳು. ಕೈಯಲ್ಲಿ ಮಾಡಿದರೆ ಜನ್ಮ ಸಾಲದು, ಯಂತ್ರ ಒಂದಾದ ಮೇಲೊಂದು ಹುಡುಕಿಕೊಡುತ್ತದೆ. ತನಗೂ ಕಲಿಸಿ ಎಂದು ಅವನನ್ನು ಕೇಳಿದ್ದಳಂತೆ, ಅವನು ಇದು ಕುಕ್ಕರ್ ಅಲ್ಲ ಎಂದು ನಕ್ಕಿದ್ದನಂತೆ. ಅವನಿಗೆ ಅದೂ ನೆನಪಿರಲಿಲ್ಲ. ಆಮೇಲೆ ನೋಡಿ ನೋಡಿ ಕಲಿತಳು. ಟರ್ಮಿನಲ್ ಜೋಡಿಸಲು ಬಂದಿದ್ದ ಕದಿರೇಶ ಪಾಸ್‌ವರ್ಡ್ ಒತ್ತುವುದನ್ನೂ ನೋಡಿಕೊಂಡಳು. ಗಂಡನ ಹೆಸರಲ್ಲಿ ಹೋದರೆ ಗಂಡನಿಗೆ ತಿಳಿದು ಬೈಯುತ್ತಾನೆಂದು ಕದಿರೇಶನ ಹೆಸರು ಹಾಕಿದಳು. ಅದು ನಡೆಯದಂತಾದಾಗ ಬೇರೆ ದಾರಿ ಕಾಣದೆ, ನೋಡಿಟ್ಟುಕೊಂಡಿದ್ದ ಗಂಡನದನ್ನೇ ಹಾಕಿದಳು.

ಆಗ ಕೋದಂಡರಾಮಪ್ಪ ಕದಿರೇಶನಿಗೆ ಆದದ್ದನ್ನೆಲ್ಲ ಹೇಳಿದ. ಭಾರತಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಹೊಡೆದ್ರಾ?” ಎಂದಳು. “ಆವಾಗ ನೀವೆಲ್ಲಿದ್ರಿ?”

“ಅಲ್ಲೇ ಇದ್ದೆ.”

ಆ ಸಂಜೆಯೆಲ್ಲ ಮಾತಾಡಿದವನು ಅವನೇ. ಆಂಜಿನಪ್ಪನ ಬಾಯಿ ಮುಚ್ಚಿಸಬಹುದು, ಕದಿರೇಶ ಬುದ್ಧಿವಂತ, ಎಲ್ಲಾದರೂ ಬದುಕಿಕೊಳ್ಳುತ್ತಾನೆ, ವಿಷಯ ಹೊರಗೆ ಬಂದರೆ ಮನೆ ಮಾನ ಬೀದಿಪಾಲು. ಬೆಳಿಗ್ಗೆ ಅವಳು ಸೀರೆ ಬದಲಾಯಿಸಿ ಬಸ್‌ಸ್ಟಾಂಡಿಗೆ ಹೊರಟೇಬಿಟ್ಟಳು. ಅವನು ಹಿಂದೆಯೇ ಓಡಿಹೋಗಿ ಕೋಲಾರದ ಬಸ್ಸಿನಲ್ಲಿ ಅವಳ ಪಕ್ಕ ಕೂತ. ಕೋಲಾರದಲ್ಲಿ ಇಳಿದು ಶ್ರೀನಿವಾಸಪುರದ ಬಸ್ಸು ಹತ್ತಿದರು.

ಶ್ರೀನಿವಾಸಪುರದಿಂದ ಸ್ವಲ್ಪ ಆಚೆಗೆ ಕದಿರೇಶನ ತೋಟ. ಮಾವು ಹೂ ಬಿಡುವ ಕಾಲ. ಅವನು ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದ. ಇವರನ್ನು ಕಂಡು ಕೈ ತೊಳೆದುಕೊಂಡು ಬಂದು ನೆರಳಿಗೆ ಚಾಪೆ ಹಾಸಿದ. ಭಾರತಮ್ಮ ಕೂರಲಿಲ್ಲ. ನಿಂತೇ, ಕಣ್ಣಲ್ಲಿ ನೀರು ತುಂಬಿಕೊಂಡು, ಒಳಗೆ ಬರುತ್ತಿದ್ದವಳು ನಾನು ಎಂದು ಹೇಳಿದಳು.

“ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತಕ್ಕಾ,” ಎಂದ ಕದಿರೇಶ. “ನಿಮ್ಮೆದುರಿಗೆ ಬಿಟ್ರೆ ನಾನು ಇನ್ಯಾರ ಎದುರಿಗೂ ಆ ಪಾಸ್‌ವರ್ಡ್ ಒತ್ತಿರಲಿಲ್ಲ.”

ಕೋದಂಡರಾಮಪ್ಪನಿಗೆ ಯಾರೋ ತಲೆಗೆ ಬಡಿದಂತಾಯಿತು. ಗೊತ್ತಿದ್ದೂ ಏಟು ತಿಂದೆಯಾ, ಯಾಕೆ ಹೇಳಲಿಲ್ಲ ಎಂದು ತೊದಲಿದ. ಕದಿರೇಶನ ದನಿಯಲ್ಲಿ ಕೋಪವಿರಲಿಲ್ಲ.

“ಹೇಳಿದ್ರೆ ಆ ಆಫೀಸರು ಅಕ್ಕನ್ನ ಅದೇ ಕೋಣೆಗೆ ಕರೆಸ್ತಿದ್ದ ಸಾರ್. ನೀವು ತಡೀತೀರೋ ಇಲ್ವೋ, ನಂಗೆ ಗೊತ್ತಾಗ್ಲಿಲ್ಲ.”

ಖಂಡಿತ ತಡೆಯುತ್ತಿದ್ದೆ ಎನ್ನಲು ಕೋದಂಡರಾಮಪ್ಪ ಬಾಯಿ ತೆರೆದ. ಭಾರತಮ್ಮ ಅವನನ್ನೇ ನೋಡುತ್ತಿದ್ದಳು, ಅವನು ಏನು ಹೇಳುತ್ತಾನೋ ಎಂದು ನಿಜಕ್ಕೂ ಕಾಯುತ್ತಿದ್ದಳು. ಅವಳು ಕಾಯಬೇಕಾಗಿ ಬಂತಲ್ಲ ಎಂಬುದೇ ಅವನನ್ನು ಕುಗ್ಗಿಸಿತು.

ಮರುದಿನ ಅವನು ನರಸಿಂಹಪ್ಪನವರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದ, ಕರೆ ಕಡಿಯಿತೆಂದು ಹೇಳಿದ ಸುಳ್ಳನ್ನೂ ಸೇರಿಸಿ. ಅವರು ಮೊದಲು ನಂಬಲಿಲ್ಲ. ಹೆಂಗಸು, ಅದೂ ಮನೆಯಲ್ಲಿ ಕೂತು ಎಂದು ಮತ್ತೆ ಮತ್ತೆ ಅಂದರು. ನಂಬಿದ ಮೇಲೆ ಕದಿರೇಶನ ಸಸ್ಪೆನ್ಷನ್ ರದ್ದಾಯಿತು. ಕೈ ಎತ್ತಿದ ಆಫೀಸರಿಗೆ ಏನೂ ಆಗಲಿಲ್ಲ. ಕೋದಂಡರಾಮಪ್ಪನ ಮನೆಯಿಂದ ಫೋನೂ ಟರ್ಮಿನಲ್ಲೂ ಜೀಪಿನಲ್ಲಿ ಹೋದವು, ಅವನನ್ನು ಪಂಪುಗಳಿಗೆ ನೀರು ಬಿಟ್ಟು ಪರೀಕ್ಷೆ ಮಾಡುವ ಶೆಡ್ಡಿಗೆ ಹಾಕಿದರು.

ಭಾರತಮ್ಮ ಆ ಬೇಸಿಗೆಯಲ್ಲೇ ಊರಿನ ಒಂದು ಟ್ಯುಟೋರಿಯಲ್ಲಿನಲ್ಲಿ ಗಣಿತ ಹೇಳಿಕೊಡಲು ಸೇರಿದಳು. ಗಂಡನ ಒಪ್ಪಿಗೆ ಕೇಳಲಿಲ್ಲ. ಸೇರಿದೆ ಎಂದಷ್ಟೇ ಹೇಳಿದಳು, ಅವನೂ ಸರಿ ಎಂದ. ಮಾವಿನ ಸುಗ್ಗಿ ಮುಗಿಸಿಕೊಂಡು ಕದಿರೇಶ ಕೆಲಸಕ್ಕೆ ಮರಳಿದ. ಏಸಿ ಕೋಣೆ ಈಗ ಅವನ ವಶ. ಕ್ಯಾಂಟೀನಿನ ದಾರಿಯಲ್ಲಿ ಸಿಕ್ಕಾಗ ಮೊದಲಿನ ಹಾಗೆಯೇ ನಮಸ್ಕಾರ ಸಾರ್ ಎನ್ನುತ್ತಾನೆ. ಒದ್ದೆ ಬಟ್ಟೆಯಲ್ಲಿ ನಿಂತ ಕೋದಂಡರಾಮಪ್ಪ ನಮಸ್ಕಾರ ಕಣಪ್ಪಾ ಎಂದು ಕೈಮುಗಿಯುತ್ತಾನೆ, ಅವನು ದಾಟಿ ಹೋಗುವವರೆಗೂ ಕೈ ಇಳಿಸುವುದಿಲ್ಲ.