ಮೂಸಿದ ಹೂವು

ನನ್ನ ತಂಗಿ ಚನ್ನಬಸವ್ವ ತೀರಿಕೊಂಡು ಮೂರು ವರ್ಷವಾಯಿತು. ಅವಳ ಗಂಡ ಶಿವರುದ್ರಪ್ಪನವರು ಅವಳ ಹೆಸರಿನಲ್ಲಿ ಗುಡಿಗೆ ಗಂಟೆ ಕಟ್ಟಿಸಲಿಲ್ಲ, ಶಾಲೆಗೆ ಫ್ಯಾನು ಕೊಡಿಸಲಿಲ್ಲ. ಒಂದು ಹೊಸ ಗುಲಾಬಿ ಹುಟ್ಟಿಸಿದರು. ಈ ಸಲದ ಪುಣ್ಯತಿಥಿಗೆ ಅದರ ಗಿಡಗಳನ್ನು ಬಂದವರಿಗೆ ಹಂಚುವುದಿದೆ, ಸ್ವಲ್ಪ ಮೊದಲೇ ಬರ್ರಿ ಎಂದು ಫೋನು ಮಾಡಿದರು. ನಾನು ಗೋಕಾಕದಿಂದ ಬಸ್ಸು ಹತ್ತಿ ಪುಣೆಯ ಹತ್ತಿರದ ಚಿಂಚವಾಡಕ್ಕೆ ಬಂದೆ.

ಗುಲಾಬಿ ಹುಟ್ಟಿಸುವುದು ಅಂದರೇನು ಅಂತ ನನಗೂ ಗೊತ್ತಿರಲಿಲ್ಲ. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಸವರಬೇಕಂತೆ, ಕಾಯಿ ಕಟ್ಟಿ ಹಣ್ಣಾಗುವವರೆಗೆ ಕಾಯಬೇಕಂತೆ, ಬೀಜ ಬಿತ್ತಬೇಕಂತೆ. ಒಂದೇ ಕಾಯಿಯ ಬೀಜವಾದರೂ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ನಾನೂ ಚನ್ನಿಯೂ ಇದ್ದ ಹಾಗೆ. ಪಿಂಪ್ರಿಯ ಕಾರ್ಖಾನೆಯಲ್ಲಿ ಆಯುಷ್ಯವಿಡೀ ಕಬ್ಬಿಣ ಅಳೆದ ಮನುಷ್ಯ ನಿವೃತ್ತಿಯಾದ ಮೇಲೆ ಬಿಲ್ಡಿಂಗಿನ ಗಚ್ಚಿಯ ಮೇಲೆ ಕುಂಡಗಳ ನಡುವೆ ಕೂತು ಇದನ್ನೆಲ್ಲ ಮಾಡಿದ್ದರು. ಬದುಕಿ ಹೂಬಿಟ್ಟ ಸಸಿಗಳು ಕೆಲವೇ. ಅವುಗಳಲ್ಲಿ ಒಂದನ್ನು ಆರಿಸಿ, ಅದರ ಟೊಂಗೆ ನೆಟ್ಟು ಗಿಡ ಹೆಚ್ಚಿಸಿದ್ದರು.

ಆರಿಸುವುದಕ್ಕೆ ಅವರಿಗೆ ಇದ್ದದ್ದು ಒಂದೇ ಮಾತು. ಹೂವಿಗೆ ಪರಿಮಳ ಇರಬೇಕು, ಇಲ್ಲದ ಹೂವಿಗೆ ಚನ್ನಿಯ ಹೆಸರಿಲ್ಲ. ಯಾಕೆಂದರೆ ಚನ್ನಿಗೆ ಸಣ್ಣಂದಿನಿಂದ ಒಂದು ಚಟ. ಪೂಜೆಗೆ ಹರಿದು ತಂದ ಬುಟ್ಟಿಯ ಹೂವನ್ನೆಲ್ಲ ಒಂದೊಂದಾಗಿ ಮೂಸುವಳು. ಮೂಸಿದ ಹೂ ದೇವರಿಗೆ ನಡೆಯುವುದಿಲ್ಲವಲ್ಲ, ಅವ್ವ ಬೆನ್ನಿಗೆ ಎರಡು ಬಿಗಿಯುವಳು. ಮರುದಿನ ಮತ್ತೆ ಅದೇ. ಬಾವಿಯ ಹತ್ತಿರದ ನಾಟಿ ಗುಲಾಬಿ ಹೂಬಿಡುವ ಕಾಲದಲ್ಲಂತೂ ಅವಳು ಏಟು ತಿನ್ನದ ದಿನವಿಲ್ಲ.

ಆದರೆ ಶಿವರುದ್ರಪ್ಪನವರಿಗೆ ವಾಸನೆಯೇ ತಿಳಿಯುವುದಿಲ್ಲ. ಕೊರೊನಾ ಬಂದು ಹೋದ ಮೇಲೆ ಅವರ ಮೂಗು ಕನ್ನಡಕ ಇಡುವುದಕ್ಕೆ ಮಾತ್ರ. ಚನ್ನಿ ಇರುವವರೆಗೆ ಹಾಲು ಕೆಟ್ಟಿದೆಯೋ, ಗ್ಯಾಸು ಸೋರುತ್ತಿದೆಯೋ ಅವಳೇ ಹೇಳುತ್ತಿದ್ದಳು. ಅವಳು ಹೋದ ಮೇಲೆ ಗಿಡ ಆರಿಸಲು ನೆರೆಯವರ ಮೂಗನ್ನೇ ನಂಬಿದ್ದರು. ದಿನಾ ಮುಂಜಾನೆ ಹೂ ಹರಿದು ಮನೆಮನೆಗೆ ಕೊಟ್ಟು, ಸಂಜೆ ಕೇಳಿಕೊಂಡು ಬರುತ್ತಿದ್ದರಂತೆ. ಎಲ್ಲರೂ ಭಾಳ ಛಲೋ ವಾಸನಿ ಅಂದಿದ್ದರು.

ನಾನು ಬಂದ ಸಂಜೆಯೇ ಗಚ್ಚಿಗೆ ಕರೆದೊಯ್ದರು. ಸಾಲಾಗಿ ಕುಂಡಗಳು, ಒಂದೊಂದಕ್ಕೂ ತಗಡಿನ ಪಟ್ಟಿ, ಅದರ ಮೇಲೆ ಅವರೇ ಬಣ್ಣದಲ್ಲಿ ಬರೆದ ಹೆಸರು: ಚನ್ನಬಸವ್ವ. ಹೂವು ಮುಷ್ಟಿಗಾತ್ರ, ಕೆನೆಗುಲಾಬಿ ಬಣ್ಣ, ನೋಡಲು ರಾಣಿ. ಬಗ್ಗಿ ಮೂಸಿದೆ. ತೊಳೆದಿಟ್ಟ ಸ್ಟೀಲ್ ಬಟ್ಟಲು ಮೂಸಿದಂತಾಯಿತು.

ಹೇಳಬೇಕೋ ಬೇಡವೋ ಅಂತ ಯೋಚಿಸುವ ಜಾತಿಯವಳಲ್ಲ ನಾನು.

"ಶಿವರುದ್ರಪ್ಪನವರ, ಇದಕ್ಕ ವಾಸನಿ ಇಲ್ಲ."

"ಹೊತ್ತ ಮುಳುಗೇದ ಅಕ್ಕಾರ. ಮುಂಜಾನಿ ನೋಡ್ರಿ."

ಮುಂಜಾನೆಯೂ ನೋಡಿದೆ, ಅರಳಿದ್ದನ್ನೂ ಅರೆಬಿರಿದದ್ದನ್ನೂ. ಇಲ್ಲ ಅಂದರೆ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವರು ಒದೆಯಲಿಲ್ಲ, ಆದರೆ ಮುಖ ಕೆಂಪಾಯಿತು.

"ಇಡೀ ಬಿಲ್ಡಿಂಗ ಛಲೋ ಅಂದದ. ನೀವೊಬ್ಬರ ಇಲ್ಲ ಅಂತೀರಿ. ನಿಮಗೂ ಮೂಗು ಹೋಗಿರಬೇಕು."

"ನಡೀರಿ ಹಂಗಾರ, ಕೇಳೂಣು."

ಎರಡನೇ ಮಹಡಿಯ ಸಕ್ಕುಬಾಯಿಯ ಬಾಗಿಲು ಬಡಿದೆವು. ಜತ್ತ ಕಡೆಯವಳು, ಕನ್ನಡ ಮರಾಠಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುವವಳು. ನಾನು ನೇರ ಕೇಳಿದೆ.

"ನಮ್ಮ ಗುಲಾಬಿ ನೀ ಮೂಸಿ ನೋಡೀಯೇನು?"

"ಅಗಬಾಯಿ, ದೇವರ ಹೂ ಮೂಸ್ತಾರೇನ್ರಿ? ಇವರು ಕೊಟ್ಟ ಕೂಡ್ಲೆ ದೇವರಿಗೆ ಏರಸ್ತೇನಿ."

"ಮತ್ತ ವಾಸನಿ ಛಲೋ ಅದ ಅಂತ ಹೆಂಗ ಹೇಳಿದಿ?"

ಸಕ್ಕುಬಾಯಿ ಶಿವರುದ್ರಪ್ಪನವರ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಗುಲಾಬಿ ಅಂದ ಮ್ಯಾಲ ವಾಸನಿ ಇರ್ತದಲ್ಲ. ಅದೂ ಹೆಂಡ್ತಿ ಹೆಸರಿನ ಹೂ. ಇನ್ನೇನ ಅನ್ಲಿರಿ ನಾ?"

ಶಿವರುದ್ರಪ್ಪನವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಂಜಾನೆ ಸ್ನಾನ ಮುಗಿಸಿ ಪೂಜೆಗೆ ಕೂರುವ ಹೊತ್ತಿಗೆ ಹೂ ಕೊಟ್ಟರೆ ಯಾರು ತಾನೆ ಮೂಸುತ್ತಾರೆ? ಇಷ್ಟು ವರ್ಷ ಒಂದು ಮೂಗೂ ಆ ಹೂವಿನ ಹತ್ತಿರ ಹೋಗಿರಲಿಲ್ಲ. ನನಗೆ ನಗು ಬರಬೇಕಿತ್ತು. ಅವರು ಎರಡೂ ಅಂಗೈಯನ್ನು ಮೊಣಕಾಲ ಮೇಲಿಟ್ಟು ಕೂತ ರೀತಿ ನೋಡಿ ಬರಲಿಲ್ಲ. "ಹೋದ್ಲು ಅಕ್ಕಾರ, ಎರಡನೇ ಸಲ ಹೋದ್ಲು," ಅಂದರು.

ಸಕ್ಕುಬಾಯಿಗೂ ಕೆಡುಕೆನಿಸಿತು. "ಬೇಕಾದ್ರ ಆ ಇನ್ನೊಂದ ಗಿಡದ ಹೂವಿನ ವಾಸನಿ ನೋಡ್ರಿ. ನೀವು ಕಿತ್ತು ಒಗಿಯಾಕ ಹತ್ತಿದ್ರಲ್ಲ, ನಾ ಇಸ್ಕೊಂಡ ಬಂದೆ ನೋಡ್ರಿ, ಅದು," ಎಂದು ಒಳಗೆ ಹೋಗಿ ಒಂದು ತಟ್ಟೆ ತಂದಳು. ತಟ್ಟೆ ತುಂಬ ಉದುರಿದ ಎಸಳು. ಅದೂ ಇವರೇ ಹುಟ್ಟಿಸಿದ ಗಿಡ, ಅದೇ ಕಾಯಿಯ ಬೀಜ. ಆದರೆ ಹೂವು ಸಣ್ಣದು, ಬಣ್ಣ ಮಾಸಲು, ಹರಿದು ಒಂದು ಗಳಿಗೆ ಇಟ್ಟರೆ ಎಸಳು ಉದುರುತ್ತದೆ. ಪೂಜೆಗೆ ಬಾರದ್ದು ಅಂತ ಅದರ ಹೂವನ್ನು ಇವರು ಯಾರಿಗೂ ಕೊಟ್ಟಿರಲಿಲ್ಲ.

"ದೇವರಿಗೆ ಬರೂದಿಲ್ಲ. ಅದಕ್ಕ ಮನ್ಯಾಗ ಎಲ್ಲಾರೂ ಮೂಸ್ತೀವಿ," ಅಂದಳು.

ತಟ್ಟೆ ನನ್ನ ಮುಖದ ಹತ್ತಿರ ಬಂದಿತು. ನನಗೆ ಅರವತ್ತೆಂಟು. ಆ ಗಳಿಗೆಯಲ್ಲಿ ನಾನು ಪರಕರ ತೊಟ್ಟ ಹುಡುಗಿಯಾಗಿ ಬಾವಿಯ ಕಟ್ಟೆಯ ಮೇಲೆ ನಿಂತಿದ್ದೆ, ಚನ್ನಿ ಬುಟ್ಟಿಗೆ ಮೂಗು ತುರುಕಿದ್ದಳು, ಅವ್ವ ಒಳಗಿನಿಂದ ಬರುತ್ತಿದ್ದಳು. ತಂಗಿ ಸತ್ತಾಗಲೂ ಎಲ್ಲರೆದುರು ಅಳದವಳು ಸಕ್ಕುಬಾಯಿಯ ಹೊಸ್ತಿಲಲ್ಲಿ ಅತ್ತೆ.

ಶಿವರುದ್ರಪ್ಪನವರು ಎಸಳನ್ನು ಮೂಗಿಗೆ ಒತ್ತಿ ಒತ್ತಿ ಹಿಡಿದರು. ಏನೂ ಇಲ್ಲ. "ಅಕ್ಕಾರ, ನನ್ನ ಮನಸ್ಸಿಗೆ ಛಲೋ ಅನಸ್ಲಿ ಅಂತ ಹೇಳಬ್ಯಾಡ್ರಿ. ಇದ್ದದ್ದು ಹೇಳ್ರಿ."

"ಚನ್ನಿ ಏಟು ತಿಂದ ವಾಸನಿ ರೀ ಇದು," ಅಂದೆ.

ಅವರು ಎದ್ದು ಗಚ್ಚಿಗೆ ಹೋಗಿ ಎಲ್ಲ ಕುಂಡಗಳ ತಗಡಿನ ಪಟ್ಟಿ ಕಿತ್ತರು. ಪುಣ್ಯತಿಥಿಯ ದಿನ ಆ ದೊಡ್ಡ ಹೂವಿನ ಗಿಡಗಳನ್ನು ದೇವರ ಹೂವಿಗೆ ಇರಲಿ ಎಂದು ಹೆಸರಿಲ್ಲದೆ ಹಂಚಿದರು. ಸಕ್ಕುಬಾಯಿಯ ಗಿಡದಿಂದ ಟೊಂಗೆ ಕತ್ತರಿಸಿ, ಹಸಿ ಬಟ್ಟೆ ಸುತ್ತಿ, ಮನೆಗೊಂದು ಕೊಟ್ಟು ಚನ್ನಬಸವ್ವ ಎಂದು ಹೆಸರು ಹೇಳಿದರು. ಗೋಕಾಕಕ್ಕೂ ಒಂದು.

ಅದಕ್ಕೆ ಮೊದಲು, ಚನ್ನಿಯ ಫೋಟೋದ ಮುಂದೆ ನಿಂತವರ ಕೈಗೆ ಒಂದೊಂದು ಸಣ್ಣ ಹೂ ಇಟ್ಟರು. "ಮೊದಲ ಮೂಸ್ರಿ. ಆಮ್ಯಾಲ ಏರಸ್ರಿ."

ಜನ ಮುಖ ಮುಖ ನೋಡಿಕೊಂಡರು. "ಮೂಸಿದ್ದು ಹೆಂಗ ಏರಸೂದು?" ಎಂದು ಯಾರೋ ಕೇಳಿದರು.

"ಆಕಿಗೆ ಹಂಗ ಸೇರತಿತ್ತು."

ನಾನು ಮೊದಲು ಮೂಸಿ ಏರಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಶಿವರುದ್ರಪ್ಪನವರು ಗೋಡೆಗೆ ಒರಗಿ ಎಲ್ಲರ ಮುಖ ನೋಡುತ್ತಿದ್ದರು. ಯಾರೂ ಭಾಳ ಛಲೋ ಅದ ಅನ್ನಲಿಲ್ಲ. ಒಮ್ಮೆ ಮೂಸಿದರು, ಏರಿಸಲು ಕೈ ಮುಂದೆ ಮಾಡಿದರು, ಕೈ ಹಿಂದೆ ತೆಗೆದು ಮತ್ತೊಮ್ಮೆ ಮೂಸಿದರು.

"ಎರಡನೇ ಸಲ ಮೂಸಾಕತ್ತಾರ ಅಕ್ಕಾರ," ಎಂದರು ಅವರು ಮೆಲ್ಲಗೆ.

"ಹೌದ್ರಿ," ಅಂದೆ.