ಗುಂಡಣ್ಣನ ನಡಿಗೆ

"ಅಕ್ಕ, ಇವತ್ತು ಗುಂಡಣ್ಣನ್ನ ನಡೆಸೋದು ಬೇಡ ಬಿಡು," ಎಂದ ತಮ್ಮ, ವಾಕಿಟಾಕಿಯಲ್ಲಿ. "ಸುಟ್ಟ ಜಾಗ ಇಲ್ಲೇ ಬೆನ್ನ ಹಿಂದೆ ಇದೆ. ಇಪ್ಪತ್ತು ಹೆಜ್ಜೆ. ಅಷ್ಟಕ್ಕೆ ಗಡಿಯಾರ ಯಾಕೆ?"

ಅಕ್ಕ ಗುಡ್ಡದ ನೆತ್ತಿಯ ಬಂಡೆಯ ಮೇಲೆ ಕೂತಿದ್ದಳು. ಕಾಡಿನ ಬೆಂಕಿ ಆರಿಸುವ ಆ ತಂಡಕ್ಕೆ ಮೇಲಿನಿಂದ ಕಾವಲು ಕಾಯುವ ಕೆಲಸ ಅವಳದು. ಹದಿನೈದು ವರ್ಷ ಗುದ್ದಲಿ ಹಿಡಿದು ಬೆಂಕಿಯ ಎದುರೇ ನಿಂತವಳು. ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟ ಮೇಲೆ ದುರ್ಬೀನು, ವಾಕಿಟಾಕಿ, ಒಂದು ಕೊಡೆ ಕೊಟ್ಟು ಬಂಡೆ ಹತ್ತಿಸಿದ್ದರು. ಅವಳ ಜಾಗಕ್ಕೆ ಏಳು ಜನರ ತಂಡದ ಮುಖ್ಯಸ್ಥನಾಗಿ ಬಂದವನು ಅವಳೇ ಎತ್ತಿ ಆಡಿಸಿದ, ಅವಳೇ ಕೆಲಸ ಕಲಿಸಿದ ತಮ್ಮ.

ಗುಂಡಣ್ಣನನ್ನು ನಡೆಸುವುದು ತಂಡದ ಹಳೆಯ ಪದ್ಧತಿ. ಕೆಲಸ ಶುರುಮಾಡುವ ಮೊದಲು, ಬೆಂಕಿ ತಿರುಗಿಬಿದ್ದರೆ ತಪ್ಪಿಸಿಕೊಳ್ಳಬೇಕಾದ ದಾರಿಯಲ್ಲಿ ಎಲ್ಲರಿಗಿಂತ ನಿಧಾನದವನನ್ನು ಒಮ್ಮೆ ನಡೆಸಿ, ಅವನಿಗೆ ಎಷ್ಟು ನಿಮಿಷ ಬೇಕೆಂದು ಬರೆದುಕೊಳ್ಳಬೇಕು. ಬಂಡೆಯ ಮೇಲಿನವರು ಅದನ್ನು ನೋಡಿಕೊಂಡೇ ಎಚ್ಚರಿಕೆ ಕೊಡುವುದು. ಹತ್ತು ವರ್ಷದಿಂದ ಆ ನಿಧಾನದವನ ಪಟ್ಟ ಗುಂಡಣ್ಣನದೇ. ಊಟಕ್ಕೆ ಮೊದಲಿಗ, ಓಟಕ್ಕೆ ಕಡೆಯವನು. ಅವನು ಏದುಸಿರು ಬಿಡುತ್ತ ನಡೆಯುವಾಗ ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು, ಅವನು ಮದುವೆ ಗಂಡಿನ ಗತ್ತಿನಲ್ಲಿ ಕೈಬೀಸುತ್ತಿದ್ದ.

"ಪದ್ಧತಿ ಅಂದ್ರೆ ಪದ್ಧತಿ ಕಣೋ. ಕೆಳಗೆ ಹೊಳೆವರೆಗೂ ನಡೆಸು," ಎಂದಳು ಅಕ್ಕ. ಹೊಳೆ ಒಣಗಿ ಬರಿ ಬಿಳಿ ಕಲ್ಲು ಹಾಸಿಕೊಂಡಿತ್ತು. ಅಲ್ಲಿ ಸುಡಲು ಏನೂ ಇರಲಿಲ್ಲ.

"ಹೊಳೆವರೆಗಾ? ಅವನು ಇಳಿದು ಹತ್ತಿ ಬರೋಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅರ್ಧ ಗೆರೆ ಕೆರೆದು ಮುಗಿಸ್ತೀವಿ. ಸುಟ್ಟ ಜಾಗ ಮತ್ತೆ ಸುಡಲ್ಲ ಅಂತ ನೀನೇ ಅಲ್ವಾ ಟೀಚರಮ್ಮ ಹೇಳ್ಕೊಟ್ಟಿದ್ದು? ಮೇಲಿಂದ ನೋಡಿ ಹೇಳು, ಕಪ್ಪಗಿದೆಯೋ ಇಲ್ವೋ."

ಅವಳು ದುರ್ಬೀನು ಎತ್ತಿದಳು. ಬೆಳಗಿನ ಬೆಂಕಿ ಇಳಿಜಾರಿನ ಒಂದು ಪಾಲನ್ನು ಮೇಯ್ದು ಹೋಗಿತ್ತು. ಹೊಗೆಯ ಸಂದಿಯಲ್ಲಿ ಕಂಡಷ್ಟು ನೆಲ ಇದ್ದಿಲಿನಂತೆ ಕಪ್ಪು. "ಕಪ್ಪಗಿದೆ. ಸರಿ, ಶುರುಮಾಡಿ," ಎಂದಳು. ತಮ್ಮನಿಗೆ ಅವಳು ಸೋತಿದ್ದು ಇದೇ ಮೊದಲೇನಲ್ಲ. ಚಿಕ್ಕಂದಿನಿಂದಲೂ ಅವನು ನಕ್ಕರೆ ಸಾಕು, ಅವಳ ಬಿಗಿಯೆಲ್ಲ ಸಡಿಲ.

ಏಳೂ ಜನ ಹುಲ್ಲು, ತರಗೆಲೆ ಕೆರೆದು, ಬೆಂಕಿ ದಾಟಿ ಬಾರದಂತೆ ಬರಿ ಮಣ್ಣಿನ ಗೆರೆ ಎಳೆಯುತ್ತ ಹೋದರು. ಮಧ್ಯಾಹ್ನ ಎರಡರ ಹೊತ್ತಿಗೆ ಹೊಗೆ ತೆಳುವಾಯಿತು. ಅಕ್ಕ ನೀರು ಕುಡಿದು, ಅಭ್ಯಾಸಬಲದಿಂದ ಸುಟ್ಟ ಜಾಗವನ್ನು ಇನ್ನೊಮ್ಮೆ ನೋಡಿದಳು. ನೆಲವೇನೋ ಕಪ್ಪಗಿತ್ತು. ಮರಗಳ ಮೇಲೆ ಮಾತ್ರ ಎಲೆ ಹಾಗೇ ಇತ್ತು. ಹಸಿರಾಗಿ ಅಲ್ಲ, ಕಂದು ಬಣ್ಣಕ್ಕೆ ತಿರುಗಿ. ಬೆಂಕಿ ಕೆಳಗಿನ ಹುಲ್ಲನ್ನಷ್ಟೇ ತಿಂದು, ಮೇಲಿನದನ್ನು ಗರಿಗರಿಯಾಗಿ ಒಣಗಿಸಿಟ್ಟು ಹೋಗಿತ್ತು. ನೆಲ ನೋಡಿ ನಂಬಬೇಡಿ, ತಲೆ ಎತ್ತಿ ನೋಡಿ ಎಂದು ವರ್ಷವರ್ಷ ಹೊಸಬರ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದವಳು ಅವಳೇ. ಎತ್ತರದಲ್ಲಿ ಕೂತವಳು ಕೆಳಗೆ ನೋಡಿಯೇ ಕೆಟ್ಟಿದ್ದಳು.

ಅಷ್ಟರಲ್ಲಿ ಕೊಡೆ ಮಗುಚಿಕೊಂಡಿತು. ಗಾಳಿ ತಿರುಗಿತ್ತು.

"ಗೆರೆ ಬಿಡಿ," ಎಂದಳು ವಾಕಿಟಾಕಿಯಲ್ಲಿ. "ಬೆಂಕಿ ನಿಮ್ಮ ಕಡೆ ಬರ್ತಿದೆ. ಸುಟ್ಟ ಜಾಗಕ್ಕೆ ಹೋಗ್ಬೇಡಿ, ಮೇಲೆ ಎಲೆ ಹಾಗೇ ಇದೆ, ಹತ್ಕೊಳ್ಳತ್ತೆ. ನಾನು ತಪ್ಪು ಹೇಳಿದೆ. ಹೊಳೆಗೆ ಇಳೀರಿ, ಈಗಲೇ."

"ಎಷ್ಟು ನಿಮಿಷ ಇದೆ ಅಕ್ಕ?" ತಮ್ಮನ ದನಿಯಲ್ಲಿ ನಗುವಿರಲಿಲ್ಲ.

"ಹತ್ತು. ಹೆಚ್ಚಂದ್ರೆ."

"ಗುಂಡಣ್ಣಂಗೆ ಎಷ್ಟು ಬೇಕು?"

ಅವಳ ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಖಿನ ಮುಂದೆ ಏನೂ ಬರೆದಿರಲಿಲ್ಲ. "ಗೊತ್ತಿಲ್ಲ," ಎಂದಳು.

"ಸರಿ. ನಾನು ಅವನ ಹಿಂದೆ ಇರ್ತೀನಿ."

ಹಳದಿ ಹೆಲ್ಮೆಟ್‌ಗಳು ಪೊದೆಗಳ ನಡುವೆ ಸಾಲಾಗಿ ಇಳಿಯತೊಡಗಿದವು. ಐದು ಮುಂದೆ ಹೋದವು. ಎರಡು ಹಿಂದೆ ಉಳಿದವು. ಬೇಗ, ಬೇಗ ಎನ್ನುತ್ತ ಅಕ್ಕ ಬಂಡೆಯ ಮೇಲೆ ತಾನೇ ಓಡುವವಳಂತೆ ಕಾಲು ಒತ್ತುತ್ತಿದ್ದಳು. ಆ ಬಡಪಾಯಿಯನ್ನು ಅವನ ಪಾಡಿಗೆ ಬಿಟ್ಟು ನೀನು ಓಡು ಎಂದು ತಮ್ಮನಿಗೆ ಹೇಳುವ ಆಸೆ ಅವಳ ನಾಲಿಗೆಯ ತುದಿಗೆ ಬಂತು. ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವಳು ಹೇಳಲಿಲ್ಲ, ಹೇಳಿದ್ದರೂ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸುಟ್ಟ ಜಾಗದ ಮರಗಳು ಒಂದೊಂದಾಗಿ ಅಲ್ಲ, ಒಟ್ಟಿಗೇ ಹತ್ತಿಕೊಂಡವು. ಲಾರಿಗಳ ಸಾಲು ಏರು ಹತ್ತುವಾಗಿನಂಥ ಸದ್ದು ಬಂಡೆಯವರೆಗೂ ಬಂತು. ಆಮೇಲೆ ಹೊಗೆ ಇಳಿಜಾರನ್ನೆಲ್ಲ ಮುಚ್ಚಿತು, ದುರ್ಬೀನು ಇದ್ದೂ ಇಲ್ಲದಂತಾಯಿತು.

ಹೊಳೆ ಮುಟ್ಟಿದವರು ವಾಕಿಟಾಕಿಯಲ್ಲಿ ತಮ್ಮ ತಮ್ಮ ನಂಬರು ಕೂಗಿ ಹೇಳಬೇಕು. ಮುಖ್ಯಸ್ಥನದು ಕಡೆಯ ನಂಬರು. ಇತ್ತ ಇವಳು ಗುಂಡಿ ಒತ್ತಿ ಮಾತಾಡಿದರೆ ಅತ್ತಲಿಂದ ಏನೂ ಕೇಳದು. ತಮ್ಮನನ್ನು ಹೆಸರು ಹಿಡಿದು ಕರೆಯಲು ಬೆರಳು ತಾನಾಗಿ ಗುಂಡಿಯ ಕಡೆ ಹೋಗುತ್ತಿತ್ತು. ವಾಕಿಟಾಕಿಯನ್ನು ಬಂಡೆಯ ಮೇಲಿಟ್ಟು, ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು.

"ಒಂದು." ಕೆಮ್ಮು. "ಎರಡು." "ಮೂರು, ನಾಲ್ಕು ಇಬ್ರೂ ಇಲ್ಲಿದೀವಿ." "ಐದು."

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ವಾಕಿಟಾಕಿಯ ಗೊರಗೊರ ಸದ್ದಿನ ನಡುವೆ ಏದುಸಿರು ಕೇಳಿತು. ಹತ್ತು ವರ್ಷದಿಂದ ಎಲ್ಲರೂ ಗೇಲಿ ಮಾಡಿದ ಏದುಸಿರು.

"ಆರು," ಎಂದ ಗುಂಡಣ್ಣ.

ಅವಳ ಕಣ್ಣು ತುಂಬಿ ಬಂತು. ಗುಂಡಣ್ಣನೇ ಬಂದ ಮೇಲೆ ಇನ್ನೇನು, ಅವನ ಹಿಂದೆಯೇ ಇರುವವನು ಬಂದಂತೆಯೇ. ಅವಳು ಕಾದಳು. ಉಸಿರು ಬಿಟ್ಟರೂ ಸದ್ದಾದೀತೆಂದು ಹೆದರಿ ಕಾದಳು.

"ಅಕ್ಕ," ಎಂದ ಗುಂಡಣ್ಣ. "ನನ್ನ ಬೆನ್ನ ಮೇಲೆ ಅವನ ಕೈ ಇತ್ತು. ದಾರಿ ಉದ್ದಕ್ಕೂ ತಳ್ತಾನೇ ಇದ್ದ. ಕಲ್ಲು ಕಾಣ್ತಿದೆ, ನಡಿ ಅಂದ. ಆಮೇಲೆ ಕೈ ಯಾವಾಗ ಹೋಯ್ತೋ ಗೊತ್ತಾಗ್ಲಿಲ್ಲ ಅಕ್ಕ."

ಗಾಳಿ ಬೀಸಿ ಹೊಗೆ ಒಂದೆಡೆ ಹರಿಯಿತು. ಅವಳು ದುರ್ಬೀನು ಎತ್ತಿದಳು. ಬಿಳಿ ಕಲ್ಲುಗಳ ನಡುವೆ ಆರು ಹಳದಿ ಹೆಲ್ಮೆಟ್‌ಗಳು. ಯಾರೂ ಕೂತಿರಲಿಲ್ಲ. ಎಲ್ಲರ ಮುಖವೂ ಇಳಿಜಾರಿನ ಕಡೆಗಿತ್ತು. ದಪ್ಪಗಿದ್ದವನೊಬ್ಬ ಒಂದು ಕೈಯನ್ನು ಹಿಂದಕ್ಕೆ ತಂದು, ಎಟುಕದ ಜಾಗವನ್ನು ಎಟುಕಿಸಿಕೊಳ್ಳಲು ನೋಡುತ್ತ, ತನ್ನ ಬೆನ್ನನ್ನು ತಡವಿಕೊಳ್ಳುತ್ತಿದ್ದ.